ಮೂವತ್ತೇಳು ಕುದುರೆ, ಒಂದು ಮೀಸೆ

ಈ ಲೋಕದಲ್ಲಿ ಇಂಜಿನ್ನಿನ ಬೆಲೆ ಬಲ್ಲವರು ತಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬುದು ಟೈಲರ್ ಮಾಸ್ಟರ ಖಾಯಂ ದೂರು. ಹೌದೋ ಅಲ್ಲವೋ ಎಂದು ವಾದಕ್ಕಿಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಮಾಸ್ಟರ ಕೋಪ ಮೂಗಿನ ತುದಿಯಲ್ಲಿ, ಮೂಗಿನ ಕೆಳಗೆ ಬಾಯ್ತೆರೆದ ಕತ್ತರಿಯಂಥ ಮೀಸೆ.

ಅವರ ಮನೆಯ ಮುಂದಿನ ಪುಟ್ಟ ಕಾರಿಗೆ ಇಪ್ಪತ್ತೊಂದು ವರ್ಷ. ಬಣ್ಣ ಒಂದು ಕಾಲಕ್ಕೆ ಬಿಳಿ. ಈಗ ಹಳೇ ಬನಿಯನ್ನಿನದು. ಆದರೆ ಬಾನೆಟ್ ಎತ್ತಿದರೋ! "ಏಳುನೂರ ತೊಂಬತ್ತಾರು ಸಿಸಿ, ಮೂರು ಸಿಲಿಂಡರು, ಮೂವತ್ತೇಳು ಕುದುರೆ ಬಲ!" ಎಂದು ಮಾಸ್ಟರು ಹೇಳುವಾಗ, ಆ ಮೂವತ್ತೇಳಕ್ಕೂ ಬೆಳಗ್ಗೆ ತಾವೇ ಮೈ ತೊಳೆದು ಬಂದ ಗತ್ತು. ಅಳತೆಗೆಂದು ತೋಳೆತ್ತಿ ನಿಂತ ಗಿರಾಕಿ ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ? ಅಂಗಿಯ ಅಳತೆ ಎರಡು ನಿಮಿಷ, ಇಂಜಿನ್ನಿನ ವರ್ಣನೆ ಇಪ್ಪತ್ತು.

ಭಾನುವಾರ ಅಂಗಡಿಗೆ ಬೀಗ, ಬಾನೆಟ್ಟಿಗೆ ಬಿಡುಗಡೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟ ಕೈಗೆ ಕಾರಿನ ಇಂಜಿನ್ ಯಾವ ಮಹಾ ಎಂಬುದು ಅವರ ಸಿದ್ಧಾಂತ. ಪ್ಲಗ್ ಬಿಚ್ಚಿ ಅದರ ತುದಿಯ ಸಂದನ್ನು ಅಂಗಿಯ ಗುಂಡಿಯಿಂದ ಅಳೆಯುವರು. ಕಾರ್ಬುರೇಟರಿನ ತಿರುಪನ್ನು ರೇಡಿಯೊ ಸ್ಟೇಷನ್ ಹುಡುಕಿದಂತೆ ತಿರುಗಿಸುವರು. ಆಯಿಲನ್ನಂತೂ ಅಳತೆ ಕಡ್ಡಿಯ ಗುರುತು ಮುಳುಗಿದ ಮೇಲೂ ಸುರಿಯುವರು. ("ನಮ್ಮನೇಲಿ ಯಾರನ್ನೂ ಅರೆಹೊಟ್ಟೇಲಿ ಮಲಗಿಸಲ್ಲ!")

ಇಷ್ಟಾದರೂ ಸೋಮವಾರ ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಕೀಲಿ ತಿರುಗಿಸಿದರೆ ಸಾಕು, ಕಾರು ಗುಂಯ್ ಎಂದು ಸೇತುವೆಯವರೆಗೆ ಹೋಗಿ ಗುಂಯ್ ಎಂದೇ ಬರುತ್ತಿತ್ತು.

"ಈ ಇಂಜಿನ್ನಿಗೆ ಇವತ್ತಿನ ತನಕ ಮೆಕ್ಯಾನಿಕ್ಕಿನ ಗಾಳಿ ಸೋಕಿಲ್ಲ. ಸೋಕಿದ ದಿನ ಈ ಮೀಸೆ ಬೋಳಿಸ್ತೀನಿ!" ಎಂದು ಮಾಸ್ಟರು ಎದುರುಮನೆಯ ನಿವೃತ್ತ ಗುಮಾಸ್ತರ ಮುಂದೆ ವಾರಕ್ಕೊಮ್ಮೆ ಆಣೆ ಇಡುತ್ತಿದ್ದರು. ಗುಮಾಸ್ತರು ಮೆಲ್ಲಗೆ ಕೆಮ್ಮಿ, "ಒಳ್ಳೇ ಮೀಸೆ, ಪಾಪ," ಎನ್ನುತ್ತಿದ್ದರು.

ಹೆಂಡತಿಯ ಕಡೆಯಿಂದ ಮಾಸ್ಟರಿಗೆ ಇದ್ದದ್ದು ಒಂದೇ ಕಾಟ: ಆಕೆಯ ದೂರದ ತಮ್ಮ. ಅವನ ಮುಖ ಕಂಡವರಲ್ಲ, ಆರು ತಿಂಗಳಿಗೊಮ್ಮೆ ಅಳತೆಯ ಚೀಟಿ ಮಾತ್ರ ಕೈಗೆ ಬರುತ್ತಿತ್ತು. ನೀಲಿ ಪ್ಯಾಂಟು, ಮಂಡಿಗೆ ಎರಡು ಪದರ, ತೊಡೆಯ ಮೇಲೆ ಉದ್ದನೆಯ ಜೇಬು. ಹನ್ನೊಂದು ವರ್ಷಗಳಲ್ಲಿ ಅವನ ಸೊಂಟ ಮೂವತ್ತರಿಂದ ಮೂವತ್ತೆಂಟಕ್ಕೆ ಏರಿತ್ತು.

"ಏನೇ, ನಿನ್ನ ತಮ್ಮ ಮಾಡೋದಾದ್ರೂ ಏನು? ಇಷ್ಟುದ್ದ ಜೇಬು ಯಾಕೆ?"

"ಬಗ್ಗಿ ಮಾಡೋ ಕೆಲಸ ಕಣ್ರೀ. ಸುಮ್ಮನೆ ಹೊಲಿದುಕೊಡಿ."

ಒಂದು ಸೋಮವಾರ ಮಾಸ್ಟರು ಅಂಗಡಿಯಲ್ಲಿ ಮೊದಲ ಗಿರಾಕಿಯ ಮುಂದೆ ನಿಂತು ಕುತ್ತಿಗೆಗೆ ಕೈ ಹಾಕಿದರು. ಅಳತೆ ಟೇಪು ಇಲ್ಲ! ಹಿಂದಿನ ದಿನ ಫ್ಯಾನ್ ಬೆಲ್ಟಿನ ಉದ್ದ ಅಳೆಯುವ ಭರದಲ್ಲಿ ಬಾನೆಟ್ಟಿನೊಳಗೇ ಬಿಟ್ಟುಬಂದಿದ್ದರು. "ತೋಳು ಇಳಿಸಬೇಡಿ, ಬಂದೇಬಿಟ್ಟೆ," ಎಂದು ಗಿರಾಕಿಗೆ ಗದರಿ ಮನೆಗೆ ಓಡಿದರು.

ಮನೆಯ ಮುಂದೆ ಬಾನೆಟ್ ತೆರೆದಿತ್ತು. ಒಳಗೆ ಯಾರೋ ಸೊಂಟದವರೆಗೂ ಮುಳುಗಿದ್ದ. ಪಕ್ಕದಲ್ಲಿ ಹೆಂಡತಿ ರವಿಕೆಯ ತೋಳು ಮಡಚಿಕೊಂಡು, ಸಾಲಾಗಿ ಜೋಡಿಸಿದ ಸ್ಪ್ಯಾನರುಗಳ ಮುಂದೆ ನಿಂತಿದ್ದಳು.

"ಹತ್ತು ಕೊಡಕ್ಕಾ."

"ತಗೋ. ಮೂರನೇ ಪ್ಲಗ್ಗಿನ ವೈರು ಎರಡನೇದಕ್ಕೆ ಹಾಕಿದ್ದಾರೆ, ನೋಡಿದ್ಯಾ?"

"ಹೋದ ವಾರ ಎರಡನೇದು ಒಂದನೇದಕ್ಕಿತ್ತು. ಭಾವ ಪಾಠ ಬಿಡದೆ ಮುಂದಕ್ಕೆ ಹೋಗ್ತಿದ್ದಾರೆ."

ಕಳ್ಳ ಎಂದು ಕೂಗಲು ಮಾಸ್ಟರು ಬಾಯಿ ತೆರೆದರು. ಆದರೆ ಕಣ್ಣು ಹೋಗಿ ಬಿದ್ದದ್ದು ಆ ಪ್ಯಾಂಟಿನ ಹಿಂಜೇಬಿನ ಮೇಲೆ. ನೀಲಿ ಬಟ್ಟೆ, ಜೋಡಿ ಹೊಲಿಗೆ, ಜೇಬಿನ ಮೂಲೆಗೊಂದು ಪುಟ್ಟ ತ್ರಿಕೋನ. ಆ ತ್ರಿಕೋನ ಹಾಕುವ ಕೈ ಊರಿಗೆಲ್ಲ ಒಂದೇ. ಮಾಸ್ಟರು ಮದುವೆಯಾದ ತಾರೀಖನ್ನು ಮರೆತಾರು (ಮರೆತಿದ್ದಾರೆ), ತಾವು ಹೊಲಿದ ಜೇಬನ್ನು ಮರೆಯುವವರಲ್ಲ.

"ಇವನೇನೇ ನಿನ್ನ ತಮ್ಮ?" ಎಂದು ಗುಡುಗಿದರು.

ಬಾನೆಟ್ಟಿಗೆ ತಲೆ ಢಣ್ ಎಂದು ಬಡಿಯಿತು. ಮಸಿ ಮೆತ್ತಿದ ಮುಖವೊಂದು ಹೊರಗೆ ಬಂದು, "ನಮಸ್ಕಾರ ಭಾವಾ. ತಗೊಳ್ಳಿ, ನಿಮ್ಮ ಟೇಪು. ಫ್ಯಾನಿಗೆ ಸುತ್ತಿಕೊಂಡಿತ್ತು," ಎಂದಿತು.

"ಯಾರಿವನು?"

"ಮೆಕ್ಯಾನಿಕ್ಕು," ಎಂದಳು ಹೆಂಡತಿ.

"ತಮ್ಮ ಅಂದೆ?"

"ಹನ್ನೊಂದು ವರ್ಷ ಅಕ್ಕಾ ಅಂತ ಕರೆದವನು ತಮ್ಮ ಅಲ್ಲದೆ ಇನ್ನೇನು? ಆಗ ಒಂದು ಸೋಮವಾರ ನಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತು. ಕಾರು ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಇವನು ಬಂದು ಅರ್ಧ ಗಂಟೇಲಿ ಎಬ್ಬಿಸಿದ. ದುಡ್ಡು ಬೇಡ, ಹರಿಯದ ಒಂದು ಪ್ಯಾಂಟು ಕೊಡಿ ಸಾಕು ಅಂದ. ಆಮೇಲೆ ಪ್ರತಿ ಸೋಮವಾರ ಬರ್ತಾನೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಸಿಟ್ಟಿನಲ್ಲಿ ಇನ್ನೂ ನಾಲ್ಕು ನಟ್ಟು ಬಿಚ್ಚುತ್ತಿದ್ರಿ."

ಮಾಸ್ಟರ ಕೈ ತಾನಾಗಿಯೇ ಮೀಸೆಯ ಕಡೆ ಹೋಯಿತು. ಅಷ್ಟರಲ್ಲಿ ಎದುರುಮನೆ ಬಾಗಿಲಲ್ಲಿ ಗುಮಾಸ್ತರು ಕಾಣಿಸಿಕೊಂಡರು.

"ನಿಮಗೂ ಗೊತ್ತಿತ್ತಾ?"

"ಇಡೀ ಬೀದಿಗೇ ಗೊತ್ತು ಮಾಸ್ಟರೇ. ನಮ್ಮ ಸ್ಕೂಟರನ್ನೂ ನಿಮ್ಮ ಮನೆ ಅಮ್ಮಾವ್ರೇ ರಿಪೇರಿ ಮಾಡಿಕೊಡ್ತಾರೆ."

"ಹಾಗಾದ್ರೆ ಈ ಮೀಸೆ?"

"ಅದು ಹನ್ನೊಂದು ವರ್ಷದ ಹಿಂದೆಯೇ ಹೋಗಬೇಕಿತ್ತು. ಬೀದಿಯವರೆಲ್ಲ ಸೇರಿ ಇರಲಿ ಅಂತ ಬಿಟ್ಟಿದ್ದೀವಿ. ಇಟ್ಟುಕೊಳ್ಳಿ."

ಇಂಥ ಹೊತ್ತಿನಲ್ಲಿ ಗಂಡಸಾದವನು ಏನು ಮಾಡಬೇಕು? ಕೂಗಾಡಬೇಕು. ಮಾಸ್ಟರು ಕೂಗಾಡಲು ಎದೆ ತುಂಬ ಉಸಿರೆಳೆದುಕೊಂಡರು. ಅಷ್ಟರಲ್ಲಿ ಹೆಂಡತಿ ಒಳಗೆ ಕೈಹಾಕಿ ಕೀಲಿ ತಿರುಗಿಸಿದಳು. ಮೂವತ್ತೇಳು ಕುದುರೆಗಳೂ ಒಟ್ಟಿಗೆ ಗುಂಯ್ ಎಂದವು. ಎಂಥ ಸದ್ದು! ಎಳೆದುಕೊಂಡ ಉಸಿರು ನಿಟ್ಟುಸಿರಾಗಿ ಹೊರಗೆ ಹೋಯಿತು. ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಅಂಗಡಿಗೆ ಮರಳಿದರೆ ಗಿರಾಕಿ ಇನ್ನೂ ತೋಳೆತ್ತಿಕೊಂಡೇ ನಿಂತಿದ್ದ. ಅವತ್ತು ಇಂಜಿನ್ನಿನ ಸೊಲ್ಲೇ ಇಲ್ಲದೆ ಅಳತೆ ಎರಡೇ ನಿಮಿಷದಲ್ಲಿ ಮುಗಿದದ್ದನ್ನು ಕಂಡು, ಮಾಸ್ಟರಿಗೆ ಹುಷಾರಿಲ್ಲ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ.

ಮತ್ತೆ ಭಾನುವಾರ ಬಂತು. ಮಾಸ್ಟರು ಜಗಲಿಯಲ್ಲಿ ಕೈಕಟ್ಟಿ ಕೂತಿದ್ದರು. ಬಾನೆಟ್ ಮುಚ್ಚಿತ್ತು.

"ಏನ್ರೀ, ಇವತ್ತು ಏನೂ ಬಿಚ್ಚಲ್ವಾ?"

"ನನಗೇನು ಮಾನ ಮರ್ಯಾದೆ ಇಲ್ವಾ?"

"ಅಯ್ಯೋ, ಹಾಗಂದ್ರೆ ಹೇಗೆ? ಪ್ಲಗ್ಗು, ಕಾರ್ಬುರೇಟರು, ಬೆಲ್ಟು ಎಲ್ಲಾ ಕಲಿತಾಯ್ತು. ನಾಳೆ ವಾಲ್ವ್ ಸೆಟ್ಟಿಂಗ್ ಹೇಳಿಕೊಡ್ತೀನಿ ಅಂತ ತಮ್ಮ ಅಂದಿದ್ದಾನೆ. ಕೆಟ್ಟರೆ ತಾನೇ ಕಲಿಯೋದು? ಸರಿಯಾಗಿರೋ ಇಂಜಿನ್ ಇಟ್ಕೊಂಡು ನಾನೇನು ಮಾಡಲಿ? ನೀವು ಸ್ವಲ್ಪ ಮನಸ್ಸು ಮಾಡಬೇಕು."

ಮಾಸ್ಟರು ಮುಚ್ಚಿದ ಬಾನೆಟ್ಟಿನ ಕಡೆ ತಿರುಗಿದರು. ನಿಜವೇ. ಈ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಬಲ್ಲವರು ಮನೆಯಲ್ಲಿ ಏಕೆ, ಇಡೀ ಬೀದಿಯಲ್ಲೇ ಇನ್ನೊಬ್ಬರಿಲ್ಲ. ಮೀಸೆಯ ಎರಡೂ ತುದಿ ತಿರುವಿ ಎದ್ದರು. ಅಂಗಿಯ ತೋಳು ಮಡಚಿದರು. ಬಾನೆಟ್ ಎತ್ತಿ, ಇಪ್ಪತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ದನಿ ತಗ್ಗಿಸಿ ಕೇಳಿದರು:

"ಏನೇ, ಈ ವಾಲ್ವು ಎಲ್ಲಿರುತ್ತೆ?"

"ಮೇಲಿನ ಮುಚ್ಚಳದ ಕೆಳಗೆ. ಹತ್ತನೇ ನಂಬರ್ ಸ್ಪ್ಯಾನರು. ಅದಲ್ಲರೀ, ಅದು ಹದಿನಾಲ್ಕು! ಸರಿ, ಇರಿ ಇರಿ, ಮೊದಲು ಕುತ್ತಿಗೇಲಿರೋ ಆ ಟೇಪು ಇಲ್ಲಿ ಕೊಟ್ಟು ಆಮೇಲೆ ಕೈ ಹಾಕಿ."