ನನ್ನ ಔಷಧಿ ಮೊದಲು ಕುಡಿದವರು

ಡಾಕ್ಟರಿಕೆ ಪಾಸಾದರೆ ಪರೀಕ್ಷೆ ಮುಗಿಯಿತು ಎಂದವರು ಯಾರೋ ಗೊತ್ತಿಲ್ಲ. ನನಗಂತೂ ದಿನಕ್ಕೊಂದು ನಡೆಯುತ್ತಿತ್ತು, ಅದೂ ಹತ್ತು ಜನರೆದುರು. ಮದರಾಸಿನಲ್ಲಿ ಓದಿ ಬಂದ ನನ್ನನ್ನು ಸರ್ಕಾರ ಒಂದು ವರ್ಷ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರ ಕೈಕೆಳಗೆ ಇಟ್ಟಿತ್ತು. 'ಇವರು ಒಬ್ಬರೇ ನಡೆಸಬಲ್ಲರು' ಎಂದು ಅವರು ಬರೆದರೆ ಹೊಸದುರ್ಗದ ದವಾಖಾನೆ ನನಗೆ. ಬರೆಯದಿದ್ದರೆ ಇನ್ನೊಂದು ವರ್ಷ ಅಲ್ಲೇ.

೧. ಚೀಟಿ

ಮೊದಲ ದಿನ ಒಬ್ಬ ಶೆಟ್ಟರಿಗೆ ಚೀಟಿ ಬರೆದುಕೊಟ್ಟೆ. ಅವರು ಅದನ್ನು ನೇರವಾಗಿ ಹಳೇ ಕಾಂಪೌಂಡರಿಗೆ ತೋರಿಸಿದರು.

"ಈ ಹುಡುಗ್ರು ಬರ್ದಿದ್ದು ಸರಿ ಐತೇನ್ರಿ?"

ಕಾಂಪೌಂಡರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇರ್ಲಿ ತಗಳ್ರಿ. ಬರೀತಾ ಬರೀತಾ ಕಲೀತಾರೆ."

೨. ಆರು ಗೆರೆ

ಜವನಗೊಂಡನಹಳ್ಳಿಯ ರೈತನೊಬ್ಬನಿಗೆ ಕೆಮ್ಮು. ಸೀಸೆಗೆ ಆರು ಗೆರೆಯ ಕಾಗದ ಅಂಟಿಸಿ, ಹೊತ್ತಿಗೊಂದು ಗೆರೆಯಷ್ಟು ಕುಡಿ ಎಂದು ಹೇಳಿ ಕಳಿಸಿದೆ. ಮಾರನೇ ದಿನ ಖಾಲಿ ಸೀಸೆ ಹಿಡಿದು, ಕೆಮ್ಮುತ್ತಲೇ ಬಂದ.

"ಅಷ್ಟನ್ನೂ ಒಂದೇ ದಿನಕ್ಕೆ ಕುಡಿದೆಯಾ?"

"ನಾನೊಬ್ನೇ ಎಲ್ಲಿ ಸ್ವಾಮಿ! ಆರು ಗೆರೆ ಇತ್ತು, ಮನೇಲಿ ಆರು ಜನ."

ಹಿರಿಯ ಡಾಕ್ಟರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಗೆರೆ ಎಳೆಯೋ ಮುಂಚೆ ಮನೇಲಿ ಎಷ್ಟು ಜನ ಅಂತ ಕೇಳಬೇಕಿತ್ತು" ಎಂದರು.

೩. ಟಗರು

ಹಿರೇಗುಂಟನೂರಿನ ಕುರಿಗಾಹಿಯೊಬ್ಬನಿಗೆ ಚಳಿಜ್ವರದ ಮಿಕ್ಸ್ಚರ್ ಕೊಟ್ಟಿದ್ದೆ. ನಾಲ್ಕು ದಿನ ಬಿಟ್ಟು, ನಡುಗುತ್ತಲೇ ಬಂದ.

"ಕುಡಿಲಿಲ್ವೇನಪ್ಪ?"

"ಟಗರಿಗೆ ಕುಡಿಸಿದ್ದೆ ಸ್ವಾಮಿ. ಹೊಸಾ ಡಾಕ್ಟ್ರು ಅಂದ್ರಲ್ಲ. ಮೂರು ದಿನ ನೋಡ್ದೆ, ಏನೂ ಆಗ್ಲಿಲ್ಲ. ಇನ್ನೊಂದು ಸೀಸೆ ಕೊಡ್ರಿ, ನಾನೂ ಕುಡೀತೀನಿ."

ವರ್ಷ ಮುಗಿಯಲು ವಾರವಿರುವಾಗ ಹಿರಿಯ ಡಾಕ್ಟರಿಗೇ ಚಳಿಜ್ವರ ಬಂತು. ಅದೇ ಮಿಕ್ಸ್ಚರನ್ನು ನಾನೇ ಕಲಸಿ ಮನೆಗೆ ಒಯ್ದೆ. ಇವರು ಇದನ್ನು ಕುಡಿದರೆ ಹೊಸದುರ್ಗ ಸಿಕ್ಕಿದ ಹಾಗೇ ಎಂದುಕೊಂಡೆ. ಅವರು ಸೀಸೆಯನ್ನು ಬೆಳಕಿಗೆ ಹಿಡಿದರು.

"ಟಗರಿಗೆ ಕೊಟ್ಟಿದ್ದು ಇದೇನಾ?"

"ಇದೇ ಸಾರ್."

"ಟಗರು ಹೇಗಿದೆ?"

"ಚೆನ್ನಾಗಿದೆಯಂತೆ."

"ಅಂತೆಯೋ, ನೋಡಿದಿರೋ?"

ನೋಡಿರಲಿಲ್ಲ. ಅವರು ಸೀಸೆಯನ್ನು ಪಕ್ಕಕ್ಕಿಟ್ಟು ಕಂಬಳಿ ಹೊದ್ದರು.

ಬೆಳಿಗ್ಗೆಯೇ ಗಾಡಿ ಹೂಡಿಸಿ ಹಿರೇಗುಂಟನೂರಿಗೆ ಹೋಗಿಬಂದೆ. ಅವರ ಮನೆಯ ಮೆಟ್ಟಿಲನ್ನು ಸೊಂಟ ಹಿಡಿದುಕೊಂಡೇ ಹತ್ತಿದೆ.

"ಟಗರು ಆರೋಗ್ಯವಾಗಿದೆ ಸಾರ್."

"ಹೇಗೆ ಹೇಳ್ತೀರಿ?"

"ನನಗೇ ಗುದ್ದಿತು."

ಅವರು ತಲೆಯಾಡಿಸಿ ಔಷಧಿಯನ್ನು ಒಂದೇ ಗುಟುಕಿಗೆ ಕುಡಿದರು. ವಾರದೊಳಗೆ ಎದ್ದು ಕೂತು ಬೆಂಗಳೂರಿಗೆ ಕಾಗದ ಬರೆದರು. ನಾನು ಒಬ್ಬನೇ ದವಾಖಾನೆ ನಡೆಸಬಲ್ಲೆನಂತೆ. ಕೆಳಗೆ ಇನ್ನೊಂದು ಸಾಲಿತ್ತು: 'ಖುದ್ದಾಗಿ ಹೋಗಿ ವಿಚಾರಿಸುವ ಅಭ್ಯಾಸ ಇತ್ತೀಚೆಗೆ ಬಂದಿದೆ.'