ಕಂಪ್ಯೂಟರಿಗೆ ನಿದ್ದೆ ಕಲಿಸಿದ ಕಾಲ

ಕಂಪ್ಯೂಟರ್ ನೋಡಿಕೊಳ್ಳುವವನ ಕಣ್ಣೆದುರು ನಗು ಬರುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ. ಕೆಲವನ್ನು ನೆನೆದು ನಕ್ಕ ಮೇಲೆ ಮಾತ್ರ ಮನಸ್ಸಿಗೆ ಒಂಥರಾ ಆಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಯಲ್ಲಿ ನಾನಿದ್ದಾಗ ಮ್ಯಾನೇಜರ್ ಕರೆದು, "ಕರೆಂಟ್ ಉಳಿಸ್ಬೇಕು ಕಣ್ರೀ. ಎಲ್ಲಾ ಕಂಪ್ಯೂಟರಿಗೂ ಪವರ್ ಸೇವಿಂಗ್ ಹಾಕ್ಬಿಡಿ" ಅಂದರು. ಹಾಕಿದೆ.

ಉಪವಾಸ

ಮರುದಿನವೇ ಡಿಸೈನ್ ವಿಭಾಗದ ಮೇಡಂ ಬಂದರು. ಹುಬ್ಬಳ್ಳಿ ಕಡೆಯವರು. ದೊಡ್ಡ ಡ್ರಾಯಿಂಗ್ ತಿರುಗಿಸಿದರೆ ಅವರ ಕಂಪ್ಯೂಟರ್ ತೆವಳುತ್ತಿತ್ತು. "ಕರೆಂಟ್ ಕಡಿಮೆ ತಗೋಬೇಕು ಅಂತ ಅದೇ ವೇಗ ಇಳಿಸಿಕೊಳ್ಳುತ್ತೆ ಮೇಡಂ" ಅಂದೆ.

"ಹೌದೇನ್ರೀ? ಕೆಲಸ ಮುಗಸೂದಕ್ಕ ನಾನು ರಾತ್ರಿತನಕಾ ಕುಂದರಬೇಕು. ನನ್ನ ತಲಿ ಮ್ಯಾಲಿನ ಲೈಟು, ಫ್ಯಾನು, ಏಸಿಗೆ ಕರೆಂಟ್ ಬ್ಯಾಡೇನು?"

ಗುಟ್ಟು

ಸ್ವಲ್ಪ ಹೊತ್ತು ಮುಟ್ಟದಿದ್ದರೆ ಲ್ಯಾಪ್‌ಟಾಪ್ ಮಲಗುತ್ತಿತ್ತು. ನಿದ್ದೆಯಿಂದ ಎದ್ದಾಗಲೆಲ್ಲ ಅದು ಪಾಸ್‌ವರ್ಡ್ ಕೇಳುವುದು ಮ್ಯಾನೇಜರಿಗೆ ಕಿರಿಕಿರಿ. ನಾನು ಬೇಡವೆಂದರೂ ಕೇಳದೆ ಅದನ್ನು ತೆಗೆಸಿದರು. ಒಂದು ಮೀಟಿಂಗಿನಲ್ಲಿ ಅವರು ಫೋನ್ ಬಂತೆಂದು ಹೊರಗೆ ಹೋದಾಗ ಲ್ಯಾಪ್‌ಟಾಪ್ ಮಲಗಿತು. ಬಂದಿದ್ದ ಗಿರಾಕಿಯ ಕೈ ತಗುಲಿ ಎದ್ದೂ ಬಿಟ್ಟಿತು. ಪರದೆಯ ಮೇಲೆ ಆ ಗಿರಾಕಿಯ ಎದುರಾಳಿ ಕಂಪನಿಯ ಹೊಸ ಡ್ರಾಯಿಂಗ್.

ಮ್ಯಾನೇಜರ್ ವಾಪಸ್ ಬಂದಾಗ ಗಿರಾಕಿ ಮೆಲ್ಲಗೆ ಕೇಳಿದರು: "ನಮ್ಮ ಡ್ರಾಯಿಂಗ್ ಅವರಿಗೆ ಯಾವತ್ತು ತೋರಿಸ್ತೀರಿ ಸಾರ್?"

ಆ ಗಿರಾಕಿ ಮತ್ತೆ ಬರಲಿಲ್ಲ.

ಎಚ್ಚರ

ಸಿಸಿ ಕ್ಯಾಮೆರಾಗಳ ಚಿತ್ರ ಸಂಗ್ರಹಿಸುತ್ತಿದ್ದುದೂ ಒಂದು ಕಂಪ್ಯೂಟರೇ. "ಇದೊಂದನ್ನ ಬಿಟ್ಬಿಡೋಣ ಸಾರ್, ಯಾರೂ ಮುಟ್ಟದಿದ್ರೆ ಮಲಗಿಬಿಡುತ್ತೆ" ಅಂದಿದ್ದೆ. "ಎಲ್ಲಾ ಅಂದ್ರೆ ಎಲ್ಲಾ" ಅಂದಿದ್ದರು.

ಒಂದು ಭಾನುವಾರ ಹಿಂದಿನ ಗೋಡೆ ಹಾರಿ ಯಾರೋ ಸ್ಟೋರಿನಿಂದ ತಾಮ್ರದ ಕೇಬಲ್ ಸುರುಳಿಗಳನ್ನು ಹೊತ್ತೊಯ್ದರು. ಚಿತ್ರ ನೋಡಿದರೆ ಶನಿವಾರ ಸಂಜೆಗೇ ನಿಂತಿತ್ತು. ಮ್ಯಾನೇಜರ್ ಗೇಟಿನ ಸೆಕ್ಯೂರಿಟಿಯನ್ನು ಕರೆಸಿದರು. ಆನೇಕಲ್ ಕಡೆಯ ವಯಸ್ಸಾದ ಮನುಷ್ಯ.

"ಮಲಗಿಬಿಟ್ಟಿದ್ದೆ ತಾನೇ?"

"ಇಲ್ಲ ಸಾ, ನಾನು ಎದ್ದೇ ಇದ್ದೆ."

ಮಲಗಿದ್ದು ಕಂಪ್ಯೂಟರ್ ಎಂದು ನಾನು ವಿವರಿಸಿದೆ. ಮ್ಯಾನೇಜರ್ ಕೇಳಿಸಿಕೊಂಡರು, ಆದರೆ ಮೇಲಿನವರಿಗೆ ಯಾರನ್ನಾದರೂ ತೋರಿಸಬೇಕಿತ್ತು. ಕಂಪ್ಯೂಟರನ್ನು ತೆಗೆದುಹಾಕಲು ಆಗುವುದಿಲ್ಲವಲ್ಲ. ಆತನನ್ನು ತೆಗೆದರು.

ಎಷ್ಟೋ ತಿಂಗಳಾದ ಮೇಲೆ ಚಂದಾಪುರದ ಒಂದು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಆ ಸೆಕ್ಯೂರಿಟಿಯವರು ಸಿಕ್ಕರು. ನನಗೆ ಮುಖ ಎತ್ತಲು ಆಗಲಿಲ್ಲ. ಅವರೇ ಕುರ್ಚಿ ಎಳೆದು ಕೂರಿಸಿದರು.

"ಇಲ್ಲಿ ಹೆಂಗಿದೆ ಕೆಲಸ?" ಅಂತ ಕೇಳಿದೆ.

"ಆರಾಮ್ ಸಾ. ಇಲ್ಲಿ ಕಂಪ್ಯೂಟರ್ ಇಲ್ಲ. ನಾನೊಬ್ಬ ಎದ್ದಿದ್ರೆ ಸಾಕು."