ಕಿರಿಯರ ಚಿಯರ್ ತಂಡವನ್ನು ಬೈಯಲು ಅನುಮತಿ ಕೋರಿ

ಇಂದ,
ರತ್ನಾವತಿ ಬಂಗೇರ,
ನಾಲ್ಕನೆಯ ತರಗತಿಯ ನವ್ಯಶ್ರೀಯ ಅಜ್ಜಿ (ತಂದೆಯ ತಾಯಿ),
ಬ್ನೇದ್ ಅಲ್ ಗಾರ್, ಕುವೈತ್.

ಗೆ,
ಪ್ರಾಂಶುಪಾಲರು (ಸೈಮನ್ ಸರ್),
ಶಾಲಾ ಕಚೇರಿ, ಸಾಲ್ಮಿಯಾ.

ವಿಷಯ: ಕಿರಿಯರ ಚಿಯರ್ ತಂಡದ ಹೆಣ್ಣುಮಕ್ಕಳನ್ನು ಬರುವ ಗುರುವಾರ ಬೈಯಲು ಅನುಮತಿ ನೀಡುವ ಬಗ್ಗೆ.

ಉಲ್ಲೇಖ: ಜಾನಿಸ್ ಮಿಸ್ ಅವರು ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ, ನನ್ನ ಹೆಸರು ಹೇಳದೆ ಪೂರ್ತಿ ನನ್ನ ಬಗ್ಗೆಯೇ ಇರುವ ಸಂದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಉಡುಪಿ ಕಡೆಯವರೆಂದು ತಿಳಿದುಬಂದ ಕಾರಣ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅರ್ಜಿ ಬರೆಯುವುದನ್ನು ನಾನು ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತೆ. ಅಲ್ಲಿ ನೀರಿನ ನಲ್ಲಿಗೆ ಮತ್ತು ಬೀದಿ ದೀಪಕ್ಕೆ ಮಾತ್ರ ಅರ್ಜಿ ಹೇಳಿಕೊಟ್ಟರು, ಬೈಗುಳಕ್ಕೆ ಹೇಳಿಕೊಡಲಿಲ್ಲ. ತಪ್ಪಿದ್ದರೆ ಮನ್ನಿಸುವುದು.

೧. ನಮ್ಮ ಶಾಲೆಯಲ್ಲಿ ದೊಡ್ಡ ತರಗತಿಯ ಹಿರಿಯರ ಚಿಯರ್ ತಂಡ ಆಟಗಾರರಿಗೆ ಜೈಕಾರ ಹಾಕುತ್ತ ಕುಣಿದರೆ ಎಲ್ಲರೂ ಶಿಳ್ಳೆ ಹಾಕುತ್ತಾರೆ. ಕಿರಿಯರು ಕುಣಿದರೆ ಸಮೋಸ ತರಲು ಏಳುತ್ತಾರೆ. ಇದರಿಂದ ಚಿಕ್ಕ ಮಕ್ಕಳು ಬಾಡಿದ ಬಸಳೆಯಂತಾದ ಕಾರಣ, ಪ್ರತಿ ಮನೆಯಿಂದ ಒಬ್ಬರು ಅಭ್ಯಾಸಕ್ಕೆ ಬಂದು ಹುರಿದುಂಬಿಸಬೇಕೆಂದು ತರಬೇತಿ ಕೊಡುವ ಜಾನಿಸ್ ಮಿಸ್ ತಿಳಿಸಿದರು. ನನ್ನ ಮಗ ರೋಹಿದಾಸ ಹೋಟೆಲಿನಲ್ಲಿ, ಸೊಸೆ ಆಸ್ಪತ್ರೆಯಲ್ಲಿ ಡ್ಯೂಟಿ. ಆದ್ದರಿಂದ ನಾನು.

೨. ಮೊಮ್ಮಗಳು ನವ್ಯಶ್ರೀ ಎಲ್ಲರಿಗಿಂತ ಹಗುರ ಇರುವ ಕಾರಣ ಅವಳನ್ನು ಉಳಿದವರ ಹೆಗಲ ಮೇಲೆ, ಗೋಪುರದ ತುದಿಯಲ್ಲಿ ನಿಲ್ಲಿಸುತ್ತಿದ್ದರು.

೩. ಮಗು ಏನೇ ಮಾಡಲಿ 'ಗುಡ್ ಜಾಬ್' ಎನ್ನಬೇಕೆಂಬುದು ನಿಯಮ. ಕುಣಿಯುವಾಗ ಆಡಿಸುವ ಬಣ್ಣದ ಜೊಂಪೆ ಕೈಯಿಂದ ಬಿದ್ದರೂ ಗುಡ್ ಜಾಬ್, ಹೆಕ್ಕಿದರೂ ಗುಡ್ ಜಾಬ್. ನಮ್ಮಲ್ಲಿ ಮಗುವನ್ನು ಎದುರೆದುರೇ ಹೊಗಳುವ ಪದ್ಧತಿ ಇಲ್ಲ, ದೃಷ್ಟಿ ತಾಗುತ್ತದೆ. ಪ್ರೀತಿ ಹೆಚ್ಚಿದ್ದಷ್ಟೂ ಬೈಗುಳ ಹೆಚ್ಚು. ಆದಕಾರಣ ಆಲಿವ್ ಎಂಬ ಹುಡುಗಿಗೆ, ಬಿಸಿ ಬಾಣಲೆಗೆ ಬಿದ್ದ ಏಡಿ ನಿನಗಿಂತ ಚಂದ ಕುಣಿಯುತ್ತದೆ ಎಂದೆ. ಆಲಿವ್ ಹೊಟ್ಟೆ ಹಿಡಿದುಕೊಂಡು ನಕ್ಕು, ಮೊದಲಿಗಿಂತ ಎತ್ತರ ಹಾರಿದಳು. ಮರುದಿನದಿಂದ ಮಕ್ಕಳು ನನ್ನೆದುರು ಸಾಲು ನಿಂತು "ಅಜ್ಜೀ, ಮೀ ನೆಕ್ಸ್ಟ್" ಎನ್ನತೊಡಗಿದರು. ಒಬ್ಬಳಿಗೆ ಬೈಯಲು ಮರೆತು, ಅವಳು ಮೂಲೆಯಲ್ಲಿ ಕೂತು ಅತ್ತದ್ದೂ ಉಂಟು.

೪. ಇದು ಜಾನಿಸ್ ಮಿಸ್ ಅವರ ಕಿವಿಗೆ ಬಿದ್ದು ನನ್ನನ್ನು ಬದಿಗೆ ಕರೆದರು.

"ಆಂಟಿ, ಇಲ್ಲಿ ಪಾಸಿಟಿವ್ ಮಾತ್ರ. ಈ ಏಡಿ ಗೀಡಿ ಎಲ್ಲ ಬೇಡ. ಮಕ್ಕಳ ಕಾನ್ಫಿಡೆನ್ಸ್ ಹೋಗ್ತದೆ."

"ನಿನ್ನ ಅಮ್ಮ ನಿನಗೆ ಎಂತ ಹೇಳ್ತಿದ್ರು ಮಗಾ?"

"ಒಣಗಿದ ಬೂತಾಯಿ ಮೀನು" ಎಂದರು ಮಿಸ್. "ಅದಕ್ಕೇ ಆಂಟಿ ನಾನು ಕೋರ್ಸ್ ಮಾಡಿದ್ದು."

೫. ಇಲ್ಲಿ ಒಂದು ತಾರತಮ್ಯವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಸಹಲಾ ಎಂಬ ಬ್ಯಾರಿ ತಾಯಿಯೂ ಅಭ್ಯಾಸಕ್ಕೆ ಬರುತ್ತಾರೆ. ತನ್ನ ಮಗಳನ್ನು ಬಾಯ್ತುಂಬ ಹೊಗಳಿ ಕೂಡಲೇ 'ಮಾಷಾ ಅಲ್ಲಾಹ್' ಅನ್ನುತ್ತಾರೆ. ದೃಷ್ಟಿ ಅಲ್ಲಿಗೆ ಖಲಾಸ್. ಅದಕ್ಕೆ ಯಾರ ಆಕ್ಷೇಪವೂ ಇಲ್ಲ, ಇರಲೂಬಾರದು. ನನ್ನ ಹತ್ತಿರ ಅದೇ ಕೆಲಸಕ್ಕೆ ಇರುವುದು 'ಥೂ, ದರಿದ್ರದ್ದೇ' ಮಾತ್ರ. ಅವರಿಗೆ ಚಹಾ, ನನಗೆ ತಾಕೀತು.

೬. ಆದಾಗ್ಯೂ ಆಜ್ಞೆಗೆ ತಲೆಬಾಗಿ, ಕಳೆದ ಸೋಮವಾರ ನವ್ಯಶ್ರೀ ತುದಿಗೆ ಹತ್ತಿ ಕೈ ಚಾಚಿದಾಗ, ಕಲಿಸಿಕೊಟ್ಟ ಪ್ರಕಾರ ನಾನು "ಅಮೇಜಿಂಗ್" ಎಂದೆ. ಮಗು ಬೆಚ್ಚಿಬಿದ್ದು ನನ್ನ ಮುಖ ನೋಡಿತು. ಆಮೇಲೆ ನಿಜವಾಗಿಯೇ ಬಿತ್ತು. ಆಲಿವಳ ಮೇಲೆ ಬಿದ್ದ ಕಾರಣ ಗಲ್ಲ ಮಾತ್ರ ಜಜ್ಜಿತು. ದೃಷ್ಟಿ ಎಂದು ನಾನು, ಗಮನ ತಪ್ಪಿದ್ದೆಂದು ಜಾನಿಸ್ ಮಿಸ್. ಎರಡರಲ್ಲೂ ಅಪರಾಧಿ ಹೊಗಳಿಕೆಯೇ. ದೃಷ್ಟಿ ತೆಗೆಯಲು ನಾನು ಮ್ಯಾಟಿನ ಮೇಲೆ ಮೂರು ಸಲ ಥೂ ಎಂದ ಕಾರಣ (ಒಣ ಥೂ), ನನ್ನನ್ನು ಒಳಗೆ ಬಿಡಬಾರದೆಂದು ಗೇಟಿನ ನಿಝಾಮ್ ಭಾಯಿಗೆ ಹೇಳಲಾಗಿದೆ.

೭. ಅಂದಿನಿಂದ ಮಗು ಹತ್ತಲು ಒಪ್ಪುತ್ತಿಲ್ಲ. ಮನೆಯಲ್ಲಿ ಕಾರಣ ಕೇಳಿದ್ದಕ್ಕೆ ಹೇಳಿದ್ದು ಹೀಗೆ:

"ಯೂ ಸೆಡ್ ಅಮೇಜಿಂಗ್. ಅಜ್ಜನಿಗೂ ಹಾಸ್ಪಿಟಲಲ್ಲಿ ಯೂ ಸೆಡ್ ನೈಸ್ ಥಿಂಗ್ಸ್, ಅಜ್ಜಿ."

ಮಾನ್ಯರೇ, ನನ್ನ ಯಜಮಾನರನ್ನು ನಾನು ಮದುವೆಯಾದ ದಿನದಿಂದ ಬೈದವಳು. ಕೊನೆಗೆ ಒಂದೇ ಒಂದು ಸಲ, ನೀವು ಬಹಳ ಒಳ್ಳೆಯವರು ಎಂದೆ. ಮಗು ಮಂಚದ ಪಕ್ಕದಲ್ಲೇ ಇತ್ತು. ಮರುದಿನ ಅವರು ತೀರಿಕೊಂಡರು. ಆದ್ದರಿಂದ ಈಗ ತನ್ನ ಸರದಿ ಎಂದು ಮಗು ತಿಳಿದುಕೊಂಡಿದೆ.

೮. ಗುರುವಾರದ ಅಭ್ಯಾಸದಲ್ಲಿ ಗೋಪುರ ನಿಲ್ಲದಿದ್ದರೆ ಕ್ರೀಡಾದಿನಕ್ಕೆ ಕಿರಿಯರ ತಂಡವನ್ನು ಕೈಬಿಟ್ಟು, ಅವರಿಂದ ಹಿರಿಯರ ನೀರಿನ ಬಾಟಲಿ ಹೊರಿಸುವುದೆಂದು ತೀರ್ಮಾನವಾಗಿದೆ. ಅದಕ್ಕಾಗಿ ನಿನ್ನೆ ನಾನು ಮಗುವಿಗೆ, ಹತ್ತಿದರೆ ಇದುವರೆಗೆ ಯಾರಿಗೂ ಬೈಯದ ಒಂದು ಬೈಗುಳ ಉಂಟು ಎಂದೆ. "ವಾಟ್ ಈಸ್ ಇಟ್?" ಎಂದಳು. ಈಗ ಹೇಳಲಿಕ್ಕಿಲ್ಲ, ಮೇಲೆ ನಿಂತವರಿಗೆ ಮಾತ್ರ ಎಂದೆ. ಬಹಳ ಹೊತ್ತು ಉಗುರು ಕಚ್ಚಿ, ಹತ್ತುತ್ತೇನೆ ಎಂದಿದ್ದಾಳೆ.

ಆದ್ದರಿಂದ, ಈ ಮೇಲ್ಕಂಡ ಎಲ್ಲ ಕಾರಣಗಳಿಂದ, ಗುರುವಾರದ ಮಟ್ಟಿಗೆ ನನ್ನನ್ನು ಒಳಗೆ ಬಿಟ್ಟು ಬೈಯಲು ಅವಕಾಶ ಮಾಡಿಕೊಡಬೇಕಾಗಿ ಪ್ರಾರ್ಥನೆ. ಮೈಬಣ್ಣ, ತೂಕ, ತಂದೆತಾಯಿ, ಈ ಮೂರನ್ನು ಮುಟ್ಟುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡುತ್ತೇನೆ.

ಗೇಟಿನ ಹೊರಗಿನ ಬೆಂಚಿನಿಂದ,
ತಮ್ಮ ವಿಶ್ವಾಸಿ,
ರತ್ನಾವತಿ ಬಂಗೇರ

ಲಗತ್ತುಗಳು:
೧. ಬೈಗುಳಗಳ ಮಾದರಿ, ಒಂದು ಹಾಳೆ. ಮೀನು ಮತ್ತು ತರಕಾರಿ ಮಾತ್ರ. (ಗುರುವಾರದ್ದು ಇದರಲ್ಲಿ ಇಲ್ಲ.)
೨. ಜಜ್ಜಿದ ಗಲ್ಲದ ಫೋಟೋ.
೩. ಸಹಲಾ ಅವರ ಬೆಂಬಲ ಪತ್ರ. ಇಂಗ್ಲಿಷಿನಲ್ಲಿರುವ ಕಾರಣ ನನಗೆ ಓದಲಾಗಿಲ್ಲ, ನಂಬಿಕೆಯ ಮೇಲೆ ಲಗತ್ತಿಸಿದ್ದೇನೆ.

ವಿ.ಸೂ.: ಅನುಮತಿ ಕೊಡಲು ನಿಯಮ ಅಡ್ಡ ಬರುವುದಾದರೆ, ಗುರುವಾರ ಅಭ್ಯಾಸದ ಹೊತ್ತಿಗೆ ರಸ್ತೆ ಬದಿಯ ಒಂದು ಕಿಟಕಿಯನ್ನಾದರೂ ತೆರೆದಿಡಿಸಬೇಕಾಗಿ ವಿನಂತಿ. ಮೈಕ್ ಬೇಡ, ಗಂಟಲು ನನ್ನದೇ ಉಂಟು.